ಹೋಗಿದ್ದು ಒಂದು ಹಲ್ಲು, ಚೀಟಿಯಲ್ಲಿ ಮೂರು: ಡೆಂಟಲ್ ಬ್ರಿಡ್ಜ್ ಕಟ್ಟಿಸುವ ಮುಂಚೆ

ಕಳೆದ ವರ್ಷ ದಂತವೈದ್ಯರ ಹತ್ತಿರ ಹೋಗಿ ಬಂದ ಅಮ್ಮ ಒಂದು ಚೀಟಿ ತಂದು ನನ್ನ ಕೈಗಿಟ್ಟರು. ಅದರಲ್ಲಿದ್ದದ್ದು ಒಂದೇ ಸಾಲು: "ಎಫ್‌ಪಿಡಿ 35-36-37, ಪಿಎಫ್‌ಎಂ, 3 ಯೂನಿಟ್." ಅದರ ಪಕ್ಕದಲ್ಲಿ ದುಡ್ಡಿನ ಲೆಕ್ಕ.

"ಅಲ್ಲ ಮಾರಾಯ, ಹೋಗಿದ್ದು ಒಂದೇ ಹಲ್ಲು. ಮೂರು ಹಲ್ಲಿಗೆ ಯಾಕೆ ದುಡ್ಡು ಕೇಳ್ತಾರೆ?"

ನಾಲ್ಕು ವರ್ಷದ ಹಿಂದೆ ಎಡಗಡೆ ಕೆಳಗಿನ ದವಡೆ ಹಲ್ಲೊಂದು ಹುಳುಕಾಗಿ ಅಮ್ಮ ಅದನ್ನು ಕೀಳಿಸಿದ್ದರು. ಆ ಜಾಗ ಹಾಗೇ ಖಾಲಿ ಉಳಿದಿತ್ತು. ಆ ಕಡೆ ರೊಟ್ಟಿ ಅಗಿದರೆ ಒಸಡಿಗೆ ಒತ್ತುತ್ತದೆ ಅಂತ ಬರೀ ಬಲಗಡೆಯಲ್ಲೇ ಅಗಿದು ಅಗಿದು ಈಗ ಬಲ ದವಡೆ ನೋಯಲು ಶುರುವಾಗಿತ್ತು. ಹಲ್ಲು ಕಟ್ಟಿಸೋಣ ಅಂತ ಹೋದರೆ ಈ ಚೀಟಿ ಬಂತು. ಅಮ್ಮನ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಹುಡುಕುತ್ತಾ ಹೋದರೆ ಬ್ರಿಡ್ಜ್ ಅಂದರೇನು ಎನ್ನುವುದು ಪೂರ್ತಿ ಅರ್ಥವಾಗುತ್ತದೆ.

ಚೀಟಿಯನ್ನು ಓದುವುದು ಹೀಗೆ

ಮೊದಲು ಆ ಅಂಕಿಗಳು. ದಂತವೈದ್ಯರು ಬಾಯಿಯನ್ನು ನಾಲ್ಕು ಭಾಗ ಮಾಡಿಕೊಳ್ಳುತ್ತಾರೆ. ನಮ್ಮ ಬಲಗಡೆಯ ಮೇಲ್ಭಾಗ 1, ಎಡಗಡೆಯ ಮೇಲ್ಭಾಗ 2, ಎಡಗಡೆಯ ಕೆಳಭಾಗ 3, ಬಲಗಡೆಯ ಕೆಳಭಾಗ 4. ಎರಡನೆಯ ಅಂಕಿ ಹಲ್ಲಿನದು. ಬಾಯಿಯ ನಟ್ಟನಡುವಿನಿಂದ ಹಿಂದಕ್ಕೆ ಎಣಿಸುತ್ತಾ ಹೋದರೆ ಎಷ್ಟನೆಯದೋ ಅದು. ಹಾಗಾಗಿ 36 ಅಂದರೆ ಮೂವತ್ತಾರನೇ ಹಲ್ಲಲ್ಲ, ಎಡಗಡೆ ಕೆಳಗಿನ ಆರನೇ ಹಲ್ಲು. ಬುದ್ಧಿಹಲ್ಲು ಸೇರಿಸಿದರೂ ನಮಗಿರುವುದು 32 ಹಲ್ಲು ತಾನೇ.

ಈ ಆರನೇ ಹಲ್ಲಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಮಕ್ಕಳಿಗೆ ಸುಮಾರು 6 ವರ್ಷವಾದಾಗ ಹಾಲು ಹಲ್ಲುಗಳ ಸಾಲಿನ ಹಿಂದೆ ಇದು ಸದ್ದಿಲ್ಲದೆ ಮೂಡುತ್ತದೆ. ಇದಕ್ಕಾಗಿ ಯಾವ ಹಾಲು ಹಲ್ಲೂ ಬಿದ್ದಿರುವುದಿಲ್ಲವಾದ್ದರಿಂದ ಮನೆಯವರು ಇದನ್ನೂ ಹಾಲು ಹಲ್ಲೇ ಅಂದುಕೊಳ್ಳುತ್ತಾರೆ. ಹುಳುಕಾದರೂ "ಬಿದ್ದು ಬೇರೆ ಬರುತ್ತೆ ಬಿಡು" ಅನ್ನುತ್ತಾರೆ. ಅದು ಬಿದ್ದರೆ ಬೇರೆ ಬರುವುದಿಲ್ಲ. ಬಾಯಲ್ಲಿ ಎಲ್ಲಕ್ಕಿಂತ ಹೆಚ್ಚು ಅಗಿಯುವ ಹಲ್ಲು ಇದು, ಅನೇಕರು ಎಲ್ಲಕ್ಕಿಂತ ಮೊದಲು ಕಳೆದುಕೊಳ್ಳುವುದೂ ಇದನ್ನೇ.

ಅಮ್ಮನಿಗೆ ಹೋಗಿದ್ದು 36. ಅದರ ಮುಂದಿನದು 35, ಹಿಂದಿನದು 37, ಎರಡೂ ಗಟ್ಟಿಯಾಗಿವೆ. ಎಫ್‌ಪಿಡಿ ಅಂದರೆ ಫಿಕ್ಸೆಡ್ ಪಾರ್ಷಿಯಲ್ ಡೆಂಚರ್. ರಾತ್ರಿ ತೆಗೆದು ನೀರಿನಲ್ಲಿಡುವ ಹಲ್ಲಿನ ಸೆಟ್‌ನಂತಲ್ಲದೆ ಸಿಮೆಂಟ್ ಹಾಕಿ ಕೂರಿಸುವ, ತೆಗೆಯಲು ಬಾರದ ಹಲ್ಲು. ಆಡುಮಾತಿನಲ್ಲಿ ಅದೇ ಬ್ರಿಡ್ಜ್. ಪಿಎಫ್‌ಎಂ ಅಂದರೆ ಒಳಗೆ ಲೋಹ, ಹೊರಗೆ ಪಿಂಗಾಣಿ. ಯೂನಿಟ್ ಅಂದರೆ ಲ್ಯಾಬಿನಲ್ಲಿ ತಯಾರಾಗುವ ಒಂದೊಂದು ಹಲ್ಲಿನ ಆಕಾರ. ಕ್ಲಿನಿಕ್ಕುಗಳಲ್ಲಿ ಬೆಲೆ ಲೆಕ್ಕ ಹಾಕುವುದು ಈ ಯೂನಿಟ್ಟಿನ ಮೇಲೆ.

ಕಾಲುಸಂಕದ ಲೆಕ್ಕ

ನಮ್ಮದು ಮಲೆನಾಡು. ಮಳೆಗಾಲದಲ್ಲಿ ಹಳ್ಳ ದಾಟಲು ಎರಡು ದಡದ ಮೇಲೆ ಅಡಿಕೆ ಮರ ಅಡ್ಡ ಹಾಕಿ ಸಂಕ ಮಾಡುತ್ತೇವೆ. ನೀರಿನ ಮೇಲಿರುವ ಭಾಗ ಗಾಳಿಯಲ್ಲಿರುತ್ತದೆ, ಅದರ ಕೆಳಗೆ ಯಾವ ಆಸರೆಯೂ ಇಲ್ಲ. ನಡೆಯುವವರ ಭಾರವೆಲ್ಲ ಹೋಗಿ ಬೀಳುವುದು ಎರಡು ದಡಗಳ ಮೇಲೆ.

ಡೆಂಟಲ್ ಬ್ರಿಡ್ಜ್ ಕೂಡ ಹೀಗೆಯೇ. ಖಾಲಿ ಜಾಗದ ಕೃತಕ ಹಲ್ಲಿಗೆ ಬೇರಿಲ್ಲ. ಅದು ಒಸಡಿನ ಮೇಲೆ ಮೆಲ್ಲಗೆ ತಾಗಿಕೊಂಡು ತೂಗುತ್ತಿರುತ್ತದೆ, ಅಷ್ಟೇ. ದಂತವೈದ್ಯರು ಅದನ್ನು ಪಾಂಟಿಕ್ ಅನ್ನುತ್ತಾರೆ. ಅದನ್ನು ಹಿಡಿದಿಡಲು ಆಚೆ ಈಚೆಯ ಹಲ್ಲುಗಳನ್ನು ಸುತ್ತಲೂ ತರಿದು ಸಣ್ಣ ಮಾಡಿ, ಅವಕ್ಕೆ ಟೋಪಿಯಂತೆ ಕ್ಯಾಪ್ ಹಾಕುತ್ತಾರೆ. ಎರಡು ಕ್ಯಾಪು, ನಡುವೆ ಒಂದು ಕೃತಕ ಹಲ್ಲು, ಮೂರೂ ಬೆಸೆದು ಒಂದೇ ತುಂಡು. ಅಮ್ಮನ ಚೀಟಿಯ ಮೂರು ಯೂನಿಟ್ ಬಂದದ್ದು ಹೀಗೆ.

ದುಡ್ಡಿನ ಪ್ರಶ್ನೆ ಇಲ್ಲಿಗೆ ಮುಗಿಯಿತು. ಆದರೆ ಅದಕ್ಕಿಂತ ದೊಡ್ಡ ವಿಷಯ ಈ ಉತ್ತರದೊಳಗೇ ಇದೆ. ಹೋದ ಹಲ್ಲಿಗಾಗಿ ಇರುವ ಎರಡು ಹಲ್ಲುಗಳನ್ನು ತರಿಯುತ್ತಾರೆ. ಹಲ್ಲಿನ ಹೊರಪದರವಾದ ಎನಾಮೆಲ್ ನಮ್ಮ ದೇಹದಲ್ಲೇ ಅತ್ಯಂತ ಗಟ್ಟಿಯಾದ ವಸ್ತು. ಅದನ್ನು ಕಟ್ಟುವ ಜೀವಕೋಶಗಳು ಹಲ್ಲು ಹೊರಬರುವಷ್ಟರಲ್ಲಿ ಮುಗಿದುಹೋಗಿರುತ್ತವೆ, ಹಾಗಾಗಿ ತರಿದದ್ದು ಮತ್ತೆ ಬೆಳೆಯುವುದಿಲ್ಲ. ಪಿಂಗಾಣಿ ಕ್ಯಾಪಿಗೆ ಜಾಗ ಮಾಡಲು ಸುತ್ತಲೂ ಒಂದರಿಂದ ಒಂದೂವರೆ ಮಿಲಿಮೀಟರ್, ಅಗಿಯುವ ಮೇಲ್ಭಾಗದಲ್ಲಿ ಒಂದೂವರೆಯಿಂದ ಎರಡು ಮಿಲಿಮೀಟರ್ ತೆಗೆಯಬೇಕಾಗುತ್ತದೆ. ಕೇಳಲು ಕಡಿಮೆ ಅನ್ನಿಸುತ್ತದೆ. ಅಮ್ಮನ ಬಾಯಿಯ ಅಚ್ಚಿನಿಂದ ಮಾಡಿದ ಪ್ಲಾಸ್ಟರ್ ಮಾದರಿಯನ್ನು ವೈದ್ಯರು ನನ್ನ ಕೈಗೆ ಕೊಟ್ಟಾಗ, ತರಿದ ಆ ಎರಡು ಹಲ್ಲುಗಳು ಉಳಿದವುಗಳ ನಡುವೆ ಕೆತ್ತಿದ ಗೂಟಗಳ ಹಾಗೆ ಕಂಡವು. ಬ್ರಿಡ್ಜ್ ಕಟ್ಟಿಸಲು ಒಪ್ಪುವ ಮುಂಚೆಯೇ ಪ್ರತಿಯೊಬ್ಬರಿಗೂ ಇಂಥ ಒಂದು ಮಾದರಿಯನ್ನು ತೋರಿಸಬೇಕು ಎಂದು ನನಗೆ ಅವತ್ತು ಅನ್ನಿಸಿತು.

ಖಾಲಿ ಬಿಟ್ಟರೆ ಏನಂತೆ?

ಹಲ್ಲುಗಳು ಗೋಡೆಯ ಕಲ್ಲಿನಂತೆ ಇದ್ದಲ್ಲೇ ಇರುವುದಿಲ್ಲ. ಬಸ್ಸಿನ ಸೀಟಿನಲ್ಲಿ ಒತ್ತಿಕೊಂಡು ಕೂತವರಲ್ಲಿ ಒಬ್ಬರು ಎದ್ದುಹೋದರೆ ಉಳಿದವರು ತಾವಾಗಿ ಸರಿಯುತ್ತಾರಲ್ಲ, ಹಾಗೆ ಪಕ್ಕದ ಹಲ್ಲು ಖಾಲಿ ಜಾಗದ ಕಡೆ ವಾಲುತ್ತದೆ. ಎದುರಿನ ಮೇಲಿನ ಹಲ್ಲು ತಡೆಯುವವರಿಲ್ಲದೆ ನಿಧಾನವಾಗಿ ಕೆಳಗಿಳಿಯುತ್ತದೆ. ಹಲ್ಲಿನ ಬೇರನ್ನು ಹಿಡಿದಿದ್ದ ಮೂಳೆ ಇನ್ನು ಕೆಲಸವಿಲ್ಲ ಎಂದು ಕರಗತೊಡಗುತ್ತದೆ, ಅದೂ ಹಲ್ಲು ಕಿತ್ತ ಮೊದಲ ವರ್ಷದಲ್ಲೇ ಹೆಚ್ಚು. ವಾಲಿದ ಸಂದಿಗಳಲ್ಲಿ ಅನ್ನದಗುಳು ಸಿಕ್ಕಿಕೊಂಡು ಹೊಸ ಹುಳುಕು ಶುರುವಾಗುತ್ತದೆ.

ನಾಲ್ಕು ವರ್ಷದಲ್ಲಿ ಅಮ್ಮನ 37 ಚೆನ್ನಾಗಿಯೇ ಮುಂದಕ್ಕೆ ವಾಲಿತ್ತು. ಇದರಿಂದ ಬ್ರಿಡ್ಜ್ ಕಟ್ಟುವವರಿಗೂ ಕಷ್ಟ. ಮೂರು ಯೂನಿಟ್‌ಗಳ ಒಂದೇ ತುಂಡನ್ನು ಎರಡು ಗೂಟಗಳ ಮೇಲೆ ಮೇಲಿನಿಂದ ಒಂದೇ ಸಲಕ್ಕೆ ಇಳಿಸಬೇಕು. ಗೂಟಗಳು ಒಂದಕ್ಕೊಂದು ನೇರವಾಗಿಲ್ಲದಿದ್ದರೆ ಅದು ಇಳಿಯುವುದೇ ಇಲ್ಲ. ಆದ್ದರಿಂದ ವಾಲಿದ ಹಲ್ಲನ್ನು ಒಂದು ಕಡೆ ಹೆಚ್ಚು ತರಿಯಬೇಕಾಗುತ್ತದೆ. ತರಿಯುವುದು ಒಳಗಿನ ನರದ ಹತ್ತಿರ ಹೋದರೆ, ಆ ನರ ತೆಗೆದು ಜಾಗ ತುಂಬುವ ರೂಟ್ ಕೆನಾಲ್ ಕೂಡ ಸೇರಿಕೊಳ್ಳುತ್ತದೆ.

ಹಾಗಂತ ಹೋದ ಹಲ್ಲನ್ನೆಲ್ಲ ಕಟ್ಟಿಸಲೇಬೇಕು ಎಂದೇನಿಲ್ಲ. ನೆದರ್ಲ್ಯಾಂಡ್ಸ್‌ನ ದಂತತಜ್ಞ ಕೈಸರ್ ಎಂಬವರು 1981ರಲ್ಲಿ ಹೇಳಿದ ಒಂದು ವಿಚಾರವನ್ನು ಈಗಲೂ ಒಪ್ಪುತ್ತಾರೆ. ಮುಂದಿನ ಹಲ್ಲುಗಳು ಮತ್ತು ಅವುಗಳ ಹಿಂದಿನ ಸಣ್ಣ ದವಡೆ ಹಲ್ಲುಗಳು, ಒಟ್ಟು ಸುಮಾರು 20 ಹಲ್ಲು ಒಂದಕ್ಕೊಂದು ಸರಿಯಾಗಿ ಕೂಡುತ್ತಿದ್ದರೆ ಅನೇಕರಿಗೆ ಅಗಿಯಲು ಅಷ್ಟೇ ಸಾಕಾಗುತ್ತದೆ. ಎಲ್ಲಕ್ಕೂ ಹಿಂದಿನ ಹಲ್ಲೊಂದು ಹೋಗಿ, ಏನೂ ತೊಂದರೆ ಆಗುತ್ತಿಲ್ಲದಿದ್ದರೆ ಸುಮ್ಮನಿರುವುದೂ ವೈದ್ಯರು ಒಪ್ಪುವ ದಾರಿಯೇ.

ದಡ ಗಟ್ಟಿ ಇದೆಯೇ?

ಬ್ರಿಡ್ಜಿನ ಆಯುಷ್ಯ ನಿಂತಿರುವುದು ನಡುವಿನ ಚೆಂದದ ಹಲ್ಲಿನ ಮೇಲಲ್ಲ, ಅದನ್ನು ಹೊತ್ತ ಅಕ್ಕಪಕ್ಕದವುಗಳ ಮೇಲೆ. ಅದಕ್ಕೇ ಮೊದಲು ಎಕ್ಸ್‌ರೇ. ಬೇಲಿ ಗೂಟ ಮಣ್ಣಿನ ಮೇಲೆ ಎಷ್ಟಿದೆ, ಮಣ್ಣಿನೊಳಗೆ ಎಷ್ಟಿದೆ ಎಂದು ನೋಡುವ ಹಾಗೆ ಹಲ್ಲು ಮೂಳೆಯ ಮೇಲೆ ಎಷ್ಟಿದೆ, ಮೂಳೆಯೊಳಗೆ ಎಷ್ಟಿದೆ ಎಂದು ನೋಡುತ್ತಾರೆ. ಒಳಗಿರುವುದು ಕಡೇಪಕ್ಷ ಹೊರಗಿರುವಷ್ಟಾದರೂ ಇರಬೇಕು, ಹೆಚ್ಚಿದ್ದರೆ ಒಳ್ಳೆಯದು. ಒಸಡಿನ ರೋಗದಿಂದ ಮೂಳೆ ಕರಗಿ ಅಲುಗಾಡುತ್ತಿರುವ ಹಲ್ಲಿಗೆ ಸಂಕ ಹಾಕುವುದೆಂದರೆ ಕುಸಿಯುವ ದಡಕ್ಕೆ ಹಾಕಿದಂತೆ. ಸಕ್ಕರೆ ಕಾಯಿಲೆ ಇದ್ದವರಿಗೂ ತಂಬಾಕು ಹಾಕುವವರಿಗೂ ಒಸಡಿನ ರೋಗ ಹೆಚ್ಚು. ಅಂಥವರಲ್ಲಿ ಮೊದಲು ಒಸಡನ್ನು ಸರಿಮಾಡಿ ಆಮೇಲೆ ಬ್ರಿಡ್ಜಿನ ಮಾತು.

1926ರಲ್ಲಿ ಆಂಟೆ ಎಂಬ ದಂತವೈದ್ಯರು ಒಂದು ಸರಳ ಲೆಕ್ಕ ಕೊಟ್ಟರು. ಭಾರ ಹೊರುವ ಹಲ್ಲುಗಳ ಬೇರಿನ ಒಟ್ಟು ಮೇಲ್ಮೈ, ಹೋದ ಹಲ್ಲುಗಳ ಬೇರಿನ ಮೇಲ್ಮೈಗೆ ಸಮನಾಗಿಯಾದರೂ ಇರಬೇಕು. ಇದಕ್ಕೂ ಕಡಿಮೆ ಆಸರೆಯಲ್ಲಿ ಬಾಳಿದ ಬ್ರಿಡ್ಜ್‌ಗಳೂ ಇವೆ. ಆದರೂ ದಂತ ಕಾಲೇಜುಗಳಲ್ಲಿ ಪಾಠ ಶುರುವಾಗುವುದು ಇಲ್ಲಿಂದಲೇ.

ಹೋದ ಹಲ್ಲು ಎರಡೋ ಮೂರೋ ಆದರೆ? ಇಲ್ಲಿ ಭೌತಶಾಸ್ತ್ರದ ಒಂದು ನಿಯಮ ಅಡ್ಡ ಬರುತ್ತದೆ. ಅಡ್ಡತೊಲೆಯ ಉದ್ದ ಎರಡು ಪಟ್ಟಾದರೆ ಅದೇ ಭಾರಕ್ಕೆ ಅದು ಬಾಗುವುದು ಎರಡು ಪಟ್ಟಲ್ಲ, 8 ಪಟ್ಟು. ಮೂರು ಪಟ್ಟಾದರೆ 27 ಪಟ್ಟು. ಉದ್ದದ ಸಂಕದ ನಡುವೆ ಕಾಲಿಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬ್ರಿಡ್ಜ್ ಬಾಗಿದಾಗ ಮೇಲಿನ ಪಿಂಗಾಣಿ ಬಿರುಕು ಬಿಡುತ್ತದೆ, ತುದಿಯ ಸಿಮೆಂಟು ಕಿತ್ತು ಬರುತ್ತದೆ. ಸಾಲಾಗಿ ಮೂರು ದವಡೆ ಹಲ್ಲು ಇಲ್ಲದ ಕಡೆ ಆಚೆ ಈಚೆಯ ಎರಡೇ ಹಲ್ಲಿನ ಮೇಲೆ ಉದ್ದನೆಯ ಬ್ರಿಡ್ಜ್ ಹಾಕಿಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಇನ್ನೊಬ್ಬ ವೈದ್ಯರನ್ನು ಕೇಳುವುದು ಒಳ್ಳೆಯದು.

ಕುರ್ಚಿಯಿಂದ ಲ್ಯಾಬಿಗೆ, ಲ್ಯಾಬಿನಿಂದ ಬಾಯಿಗೆ

ಹಲ್ಲು ಕಿತ್ತ ಗಾಯ ಮಾಗಿ ಒಸಡು ಒಂದು ಆಕಾರಕ್ಕೆ ಬರಲು ಸಾಮಾನ್ಯವಾಗಿ ಎರಡು ಮೂರು ತಿಂಗಳು ಬೇಕು. ಆಮೇಲೆ ಎರಡು ಮೂರು ಸಲ ಕ್ಲಿನಿಕ್ಕಿಗೆ ಹೋದರೆ ಕೆಲಸ ಮುಗಿಯುತ್ತದೆ. ಮೊದಲ ಸಲ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಹಲ್ಲು ತರಿದು ಅಳತೆ ತೆಗೆಯುತ್ತಾರೆ. ಬಾಯಿಗೆ ಹಿಟ್ಟಿನಂಥ ಸಾಮಗ್ರಿ ತುಂಬಿದ ತಟ್ಟೆ ಇಟ್ಟು ಅಚ್ಚು ತೆಗೆಯುವುದು ಹಳೆಯ ರೀತಿ. ಈಗ ಕೆಲವು ಕಡೆ ಪೆನ್ನಿನಂಥ ಕ್ಯಾಮೆರಾದಿಂದ ಸ್ಕ್ಯಾನ್ ಮಾಡುತ್ತಾರೆ. ಹಲ್ಲಿನ ಬಣ್ಣಗಳ ಪಟ್ಟಿಯೊಂದನ್ನು ತುಟಿಯ ಪಕ್ಕ ಹಿಡಿದು ಯಾವುದು ಹೊಂದುತ್ತದೆ ಎಂದು ಆರಿಸುತ್ತಾರೆ. ಕಿಟಕಿಯ ಬೆಳಕಿನಲ್ಲಿ ನೋಡಲು ಕೇಳಿಕೊಳ್ಳಿ, ಟ್ಯೂಬ್‌ಲೈಟಿನಲ್ಲಿ ಬಣ್ಣ ಮೋಸ ಮಾಡುತ್ತದೆ.

ತರಿದ ಹಲ್ಲುಗಳನ್ನು ಬರಿದೇ ಬಿಡುವಂತಿಲ್ಲ. ತಣ್ಣೀರು ಕುಡಿದರೂ ಜುಂ ಎನ್ನುತ್ತದೆ. ಅದಕ್ಕೆ ತಾತ್ಕಾಲಿಕ ಪ್ಲಾಸ್ಟಿಕ್ ಬ್ರಿಡ್ಜೊಂದನ್ನು ಅಂಟಿಸಿ ಕಳಿಸುತ್ತಾರೆ. ಆ ತಾತ್ಕಾಲಿಕ ಸಿಮೆಂಟಿನಲ್ಲಿ ಹೆಚ್ಚಾಗಿ ಇರುವುದು ಯೂಜಿನಾಲ್, ಅಂದರೆ ಲವಂಗದ ಎಣ್ಣೆಯ ಮುಖ್ಯ ಅಂಶ. "ಬಾಯೆಲ್ಲ ಲವಂಗದ ವಾಸನೆ" ಅಂತ ಅಮ್ಮ ಅವತ್ತು ಹೇಳಿದ್ದು ಅದಕ್ಕೇ.

ನಿಜವಾದ ಕೈಕೆಲಸ ನಡೆಯುವುದು ಲ್ಯಾಬಿನಲ್ಲಿ. ಪಿಎಫ್‌ಎಂ ಆದರೆ, ಅಚ್ಚಿನಿಂದ ಮಾಡಿದ ಮಾದರಿಯ ಮೇಲೆ ಮೇಣದಲ್ಲಿ ಹಲ್ಲಿನ ಒಡಲು ತಿದ್ದುತ್ತಾರೆ. ಅದರ ಸುತ್ತ ಅಚ್ಚು ಕಟ್ಟಿ, ಮೇಣ ಕರಗಿಸಿ ಸುಟ್ಟು ತೆಗೆದು, ಆ ಜಾಗಕ್ಕೆ ಕಾದ ಲೋಹ ಹರಿಸುತ್ತಾರೆ. ನಮ್ಮ ಪಂಚಲೋಹದ ಮೂರ್ತಿಗಳನ್ನು ಎರಕ ಹೊಯ್ಯುವುದೂ ಇದೇ ಕ್ರಮದಲ್ಲಿ. ದಂತವೈದ್ಯಕ್ಕೆ ಇದನ್ನು 1907ರಲ್ಲಿ ಬಳಕೆಗೆ ತಂದವರು ಅಮೆರಿಕದ ವಿಲಿಯಂ ಟ್ಯಾಗರ್ಟ್. ಲೋಹದ ಒಡಲಿನ ಮೇಲೆ ಪಿಂಗಾಣಿ ಪುಡಿಯನ್ನು ನೀರಲ್ಲಿ ಕಲಸಿ ಕುಂಚದಿಂದ ಪದರ ಪದರವಾಗಿ ಹಚ್ಚಿ ಕುಲುಮೆಯಲ್ಲಿ ಸುಡುತ್ತಾರೆ.

ಜಿರ್ಕೋನಿಯಾ ಎಂಬ ಪಿಂಗಾಣಿಯಂಥ ಬಿಳಿ ವಸ್ತುವಿನ ಬ್ರಿಡ್ಜ್ ಬೇರೆ ರೀತಿ. ಸೀಮೆಸುಣ್ಣದಂತೆ ಮೆತ್ತಗಿರುವ ಬಿಳಿ ಬಿಲ್ಲೆಯನ್ನು ಕಂಪ್ಯೂಟರ್ ಹೇಳಿದಂತೆ ಯಂತ್ರ ಕೊರೆಯುತ್ತದೆ. ಬೇಕಾದ ಅಳತೆಗಿಂತ ಕಾಲು ಭಾಗದಷ್ಟು ದೊಡ್ಡದಾಗಿಯೇ ಕೊರೆಯುತ್ತದೆ. ಆಮೇಲೆ ಸುಮಾರು 1500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟಾಗ ಅದು ಕುಗ್ಗಿ ಸರಿಯಾದ ಅಳತೆಗೆ ಬಂದು ಕಲ್ಲಿನಂತಾಗುತ್ತದೆ. ಹಸಿ ಮಡಕೆಯನ್ನು ಒಣಗಿಸಿ ಸುಡುವಾಗ ಎಷ್ಟು ಕುಗ್ಗುತ್ತದೆಂದು ಕುಂಬಾರರು ಮೊದಲೇ ಲೆಕ್ಕ ಹಿಡಿಯುವ ಹಾಗೆ ಇದು. ಜಿರ್ಕೋನಿಯಾ ಗಟ್ಟಿ, ಒಸಡಿನ ಅಂಚಿನಲ್ಲಿ ಕಪ್ಪು ಗೆರೆ ಕಾಣಿಸುವುದಿಲ್ಲ, ಬೆಲೆ ಮಾತ್ರ ಹೆಚ್ಚು. ಪಿಎಫ್‌ಎಂನಲ್ಲಿ ವರ್ಷಗಳು ಕಳೆದು ಒಸಡು ಸ್ವಲ್ಪ ಇಳಿದರೆ ಒಳಗಿನ ಲೋಹದ ಅಂಚು ಕಪ್ಪಾಗಿ ಇಣುಕುತ್ತದೆ. ಮುಂದಿನ ಹಲ್ಲಿಗೆ ಇದು ದೊಡ್ಡ ವಿಷಯ, ಯಾರಿಗೂ ಕಾಣದ ಹಿಂದಿನ ಹಲ್ಲಿಗೆ ಅಲ್ಲ. ಒಂದು ಎಚ್ಚರಿಕೆ: ಪಿಎಫ್‌ಎಂನ ಲೋಹದಲ್ಲಿ ಅನೇಕ ಸಲ ನಿಕಲ್ ಇರುತ್ತದೆ. ರೋಲ್ಡ್ ಗೋಲ್ಡ್ ಓಲೆ ಹಾಕಿದರೆ ಕಿವಿ ತುರಿಸಿ ನೀರಾಡುವವರು ಈ ವಿಷಯವನ್ನು ವೈದ್ಯರಿಗೆ ಮೊದಲೇ ಹೇಳಬೇಕು.

ಬ್ರಿಡ್ಜ್ ಅಲ್ಲದೆ ಬೇರೇನಿದೆ

ಅಕ್ಕಪಕ್ಕದ ಹಲ್ಲನ್ನು ಮುಟ್ಟದೆ ಹಲ್ಲು ಕೂರಿಸುವ ದಾರಿ ಇಂಪ್ಲಾಂಟ್. ಟೈಟಾನಿಯಂ ತಿರುಪನ್ನು ದವಡೆ ಮೂಳೆಗೆ ಕೂರಿಸುತ್ತಾರೆ. ಮೂಳೆ ಅದನ್ನು ತನ್ನದೇ ಎಂಬಂತೆ ಅಪ್ಪಿಕೊಳ್ಳುತ್ತದೆ, ಅದರ ಮೇಲೆ ಕ್ಯಾಪ್ ಬರುತ್ತದೆ. ಸ್ವೀಡನ್ನಿನ ಬ್ರಾನೆಮಾರ್ಕ್ 1965ರಲ್ಲಿ ಇದನ್ನು ಮೊದಲು ರೋಗಿಯೊಬ್ಬರಿಗೆ ಮಾಡಿದರು. ಆಚೆ ಈಚೆಯ ಹಲ್ಲುಗಳಲ್ಲಿ ಒಂದು ಚುಕ್ಕೆ ಹುಳುಕೂ ಇಲ್ಲದಿದ್ದರೆ, ಮೂಳೆ ಸಾಕಷ್ಟಿದ್ದರೆ, ಮೊದಲು ವಿಚಾರಿಸಬೇಕಾದದ್ದು ಇದನ್ನೇ. ಆದರೆ ಸಣ್ಣ ಶಸ್ತ್ರಚಿಕಿತ್ಸೆ ಬೇಕು, ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಕಾಯಬೇಕು, ಖರ್ಚೂ ಹೆಚ್ಚು. ಅಕ್ಕಪಕ್ಕದ ಹಲ್ಲುಗಳಲ್ಲಿ ಆಗಲೇ ದೊಡ್ಡ ಫಿಲ್ಲಿಂಗ್ ಇದ್ದು ಇವತ್ತಲ್ಲ ನಾಳೆ ಅವಕ್ಕೂ ಕ್ಯಾಪ್ ಬೇಕಾಗುವುದಿದ್ದರೆ ಬ್ರಿಡ್ಜಿನ ಕಡೆ ತಕ್ಕಡಿ ವಾಲುತ್ತದೆ.

ಮುಂದಿನ ಹಲ್ಲಿಗೆ ಇನ್ನೊಂದು ದಾರಿ ಇದೆ, ಅನೇಕರಿಗೆ ಅದು ಗೊತ್ತೇ ಇರುವುದಿಲ್ಲ. ಕೃತಕ ಹಲ್ಲಿಗೆ ಚಿಟ್ಟೆಯಂತೆ ತೆಳು ರೆಕ್ಕೆ ಇಟ್ಟು, ಅದನ್ನು ಪಕ್ಕದ ಹಲ್ಲಿನ ಹಿಂಬದಿಗೆ ಅಂಟಿಸುತ್ತಾರೆ. ಹಲ್ಲನ್ನು ತರಿಯುವುದು ತೀರಾ ಕಡಿಮೆ, ಕೆಲವೊಮ್ಮೆ ಇಲ್ಲವೇ ಇಲ್ಲ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ 1980ರ ಆಸುಪಾಸಿನಲ್ಲಿ ಬೆಳೆದ ಈ ಪದ್ಧತಿಗೆ ಮೇರಿಲ್ಯಾಂಡ್ ಬ್ರಿಡ್ಜ್ ಎಂದೇ ಹೆಸರು. ಬೈಕಿನಿಂದ ಬಿದ್ದು ಮುಂದಿನ ಹಲ್ಲು ಕಳೆದುಕೊಂಡ ಹದಿಹರೆಯದವರಿಗೆ ಇದು ವರದಾನ. ದವಡೆ ಹಲ್ಲಿನ ಭಾರ ಮಾತ್ರ ಇದಕ್ಕೆ ಕಷ್ಟ.

ಎಲ್ಲಕ್ಕಿಂತ ಕಡಿಮೆ ಖರ್ಚಿನದು ತೆಗೆದು ಹಾಕುವ ಸೆಟ್. ಕರ್ನಾಟಕ ಸರ್ಕಾರದ ದಂತಭಾಗ್ಯ ಯೋಜನೆಯಲ್ಲಿ ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತವಾಗಿ ಸಿಗುವುದು ಇಂಥ ದಂತಪಂಕ್ತಿ, ಬ್ರಿಡ್ಜ್ ಅಲ್ಲ. ಬ್ರಿಡ್ಜಿನ ಖರ್ಚು ಕಡಿಮೆಯಾಗಬೇಕೆಂದರೆ ದಂತ ಕಾಲೇಜುಗಳಲ್ಲಿ ವಿಚಾರಿಸಿ. ಅಲ್ಲಿ ಪ್ರಾಸ್ತೊಡಾಂಟಿಕ್ಸ್, ಅಂದರೆ ಕೃತಕ ಹಲ್ಲು ಕೂರಿಸುವ ವಿಭಾಗದ ವಿದ್ಯಾರ್ಥಿಗಳು ಅಧ್ಯಾಪಕರ ಕಣ್ಣೆದುರಿಗೇ ಮಾಡುತ್ತಾರೆ. ಸಮಯ ಹಿಡಿಯುತ್ತದೆ, ಆದರೆ ಪ್ರತಿ ಹಂತವನ್ನೂ ಇನ್ನೊಬ್ಬರು ಪರೀಕ್ಷಿಸಿ ಮುಂದಕ್ಕೆ ಬಿಡುತ್ತಾರೆ. ಆರೋಗ್ಯ ವಿಮೆಯನ್ನು ನಂಬಿಕೊಳ್ಳಬೇಡಿ, ಅಪಘಾತದಲ್ಲಿ ಹಲ್ಲು ಹೋದದ್ದಲ್ಲದೆ ಬೇರೆ ದಂತಚಿಕಿತ್ಸೆಯನ್ನು ಹೆಚ್ಚಿನ ಪಾಲಿಸಿಗಳು ಹೊರಗಿಡುತ್ತವೆ.

ಒಂದೇ ಗಂಟೆಯ "ಫಿಕ್ಸೆಡ್ ಹಲ್ಲು"

ಸಂತೆಯಲ್ಲಿ, ಬಸ್ ನಿಲ್ದಾಣದ ಪಕ್ಕದಲ್ಲಿ ಅರ್ಧ ಗಂಟೆ, ಒಂದು ಗಂಟೆಯಲ್ಲಿ ಹಲ್ಲು ಕೂರಿಸಿಕೊಡುವವರು ಈಗಲೂ ಇದ್ದಾರೆ. ಇವರು ಅಕ್ಕಪಕ್ಕದ ಹಲ್ಲುಗಳನ್ನು ತರಿಯುವುದಿಲ್ಲ, ಲ್ಯಾಬಿಗೂ ಕಳಿಸುವುದಿಲ್ಲ. ರೆಡಿಮೇಡ್ ಹಲ್ಲೊಂದನ್ನು ಇಟ್ಟು, ಬಾಯಲ್ಲೇ ಗಟ್ಟಿಯಾಗುವ ಅಕ್ರಿಲಿಕ್ ಹಿಟ್ಟನ್ನು ಸುತ್ತ ಮೆತ್ತಿ, ಒಮ್ಮೊಮ್ಮೆ ತಂತಿ ಸುತ್ತಿ ಪಕ್ಕದ ಹಲ್ಲಿಗೆ ಕಟ್ಟಿಬಿಡುತ್ತಾರೆ. ನೋವಿಲ್ಲ, ಅಗ್ಗ, ಅವತ್ತೇ ಊಟ ಮಾಡಬಹುದು. ಆದರೆ ಆ ಅಕ್ರಿಲಿಕ್ ಒಸಡಿನ ಮೇಲೇ ಕೂತಿರುತ್ತದೆ, ಅದರ ಕೆಳಗೆ ಬ್ರಷ್ಷಾಗಲಿ ದಾರವಾಗಲಿ ಹೋಗುವುದಿಲ್ಲ. ಒಳಗೇ ಕೊಳೆತು ಮೂಳೆ ಕರಗಿ, ಗಟ್ಟಿಯಿದ್ದ ಎರಡು ಹಲ್ಲುಗಳೂ ಅಲುಗಾಡಲು ಶುರುವಾಗುತ್ತವೆ. ಒಂದು ಹಲ್ಲು ಕಟ್ಟಿಸಲು ಹೋದವರು ಕೊನೆಗೆ ಮೂರನ್ನು ಕಳೆದುಕೊಳ್ಳುತ್ತಾರೆ. ಹೋಗುವವರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ, ಕೈಯಲ್ಲಿರುವ ದುಡ್ಡು ಅಷ್ಟೇ ಆದಾಗ ಯಾರಾದರೂ ಅದನ್ನೇ ಮಾಡುತ್ತಾರೆ. ಅವರಿಗೆ ಇದರ ಬದಲು ತೆಗೆದು ಹಾಕುವ ಸೆಟ್ ಎಷ್ಟೋ ಮೇಲು ಎಂದು ಯಾರಾದರೂ ಮೊದಲೇ ಹೇಳಬೇಕು.

ಎಷ್ಟು ವರ್ಷ ಬಾಳುತ್ತದೆ, ಎಲ್ಲಿ ಕೈಕೊಡುತ್ತದೆ

ಸರಿಯಾಗಿ ಮಾಡಿದ ಬ್ರಿಡ್ಜ್‌ಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು 10 ವರ್ಷದ ನಂತರವೂ ಬಾಯಲ್ಲೇ ಇರುತ್ತವೆ ಎಂದು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಕಂಡುಕೊಂಡಿದ್ದಾರೆ. ಹಾಳಾದಾಗ ಮೊದಲು ಹಾಳಾಗುವುದು ಕೃತಕ ಹಲ್ಲಲ್ಲ. ಪಿಂಗಾಣಿಗೆ ಹುಳುಕು ಹಿಡಿಯುವುದಿಲ್ಲ. ಕ್ಯಾಪಿನ ಅಂಚು ನಮ್ಮ ಸ್ವಂತ ಹಲ್ಲನ್ನು ಸೇರುವ ಗೆರೆ ಇದೆಯಲ್ಲ, ಅಲ್ಲಿ ಹುಳುಕು ಹೊಕ್ಕು ಒಳಗೊಳಗೇ ಹಬ್ಬುತ್ತದೆ. ಆ ಹಲ್ಲಿಗೆ ರೂಟ್ ಕೆನಾಲ್ ಆಗಿದ್ದರೆ ನೋವು ಕೂಡ ಗೊತ್ತಾಗುವುದಿಲ್ಲ.

ಇನ್ನೂ ಕಳ್ಳತನದ ತೊಂದರೆ ಒಂದಿದೆ. ಎರಡು ಕ್ಯಾಪುಗಳಲ್ಲಿ ಒಂದರ ಸಿಮೆಂಟ್ ಬಿಟ್ಟು, ಇನ್ನೊಂದು ಗಟ್ಟಿಯಾಗಿ ಹಿಡಿದಿರುತ್ತದೆ. ಬ್ರಿಡ್ಜ್ ಬೀಳುವುದಿಲ್ಲ, ಎಲ್ಲ ಸರಿ ಇದೆ ಅಂದುಕೊಳ್ಳುತ್ತೇವೆ. ಆದರೆ ಅಗಿದಾಗಲೆಲ್ಲ ಸಡಿಲವಾದ ಕ್ಯಾಪಿನೊಳಕ್ಕೆ ಜೊಲ್ಲು ಪಂಪ್ ಹೊಡೆದಂತೆ ಹೋಗಿ ಬಂದು ಮಾಡುತ್ತದೆ. ಒಳಗಿನ ಹಲ್ಲು ಕೆಲವೇ ತಿಂಗಳಲ್ಲಿ ಮೆತ್ತಗಾಗಬಹುದು. ಬ್ರಿಡ್ಜನ್ನು ಬೆರಳಿಂದ ಒತ್ತಿದಾಗ ಅಂಚಿನಲ್ಲಿ ಗುಳ್ಳೆ ಬಂದರೆ, ಆ ಕಡೆಯಿಂದ ಕೆಟ್ಟ ವಾಸನೆ ಬಂದರೆ, ತಡಮಾಡದೆ ತೋರಿಸಬೇಕು.

ಶುಚಿ ಮಾಡುವುದಕ್ಕೂ ಒಂದು ಉಪಾಯ ಬೇಕು. ಮೂರು ಹಲ್ಲೂ ಬೆಸೆದಿರುವುದರಿಂದ ಮಾಮೂಲಿ ಫ್ಲಾಸ್ ದಾರ ಮೇಲಿನಿಂದ ಇಳಿಯುವುದಿಲ್ಲ. ಇದಕ್ಕೆಂದೇ ಸೂಪರ್ ಫ್ಲಾಸ್ ಎಂಬ ದಾರ ಸಿಗುತ್ತದೆ. ಅದರ ಒಂದು ತುದಿ ಸೂಜಿಯಂತೆ ಸೆಟೆದಿರುತ್ತದೆ, ನಡುಭಾಗ ಸ್ಪಂಜಿನಂತೆ ಉಬ್ಬಿರುತ್ತದೆ. ಸೆಟೆದ ತುದಿಯನ್ನು ಕೃತಕ ಹಲ್ಲಿನ ಬುಡದಲ್ಲಿ ಕೆನ್ನೆ ಕಡೆಯಿಂದ ತೂರಿಸಿ ನಾಲಿಗೆ ಕಡೆ ಎಳೆದು, ಉಬ್ಬಿದ ಭಾಗದಿಂದ ಆಚೆ ಈಚೆ ಉಜ್ಜಬೇಕು. ಹೂ ಕಟ್ಟಿ ಅಭ್ಯಾಸವಿದ್ದ ಅಮ್ಮನ ಬೆರಳಿಗೆ ಇದು ಎರಡು ದಿನದಲ್ಲಿ ಒಗ್ಗಿತು, ನನಗೆ ಅವರ ಬಾಯಲ್ಲಿ ಒಮ್ಮೆ ಮಾಡಿ ತೋರಿಸಲೂ ಆಗಲಿಲ್ಲ. ದಾರ ಕಷ್ಟವಾದವರಿಗೆ ಸಂದಿಗೆ ಹಾಕುವ ಪುಟ್ಟ ಬ್ರಷ್ ಇದೆ. ಗುಂಡುಪಿನ್ನು, ಬೆಂಕಿಕಡ್ಡಿ ಹಾಕಿ ಕೆದಕುವುದು ಬೇಡ. ಗಟ್ಟಿ ಅಡಿಕೆ, ಕಬ್ಬು ಆ ಕಡೆ ಕಚ್ಚದಿದ್ದರೆ ಪಿಂಗಾಣಿ ಹೆಚ್ಚು ದಿನ ಉಳಿಯುತ್ತದೆ.

ಯಾವತ್ತಾದರೂ ಬ್ರಿಡ್ಜ್ ಇಡಿಯಾಗಿ ಕಳಚಿ ಕೈಗೆ ಬಂದರೆ ಎಸೆಯಬೇಡಿ, ಅಂಗಡಿಯ ಗಮ್ ಹಾಕಿ ಅಂಟಿಸಲಂತೂ ಹೋಗಲೇಬೇಡಿ. ಒಂದು ಕೂದಲೆಳೆಯಷ್ಟು ಎತ್ತರ ಕೂತರೂ ಕಚ್ಚುವಾಗ ಎಲ್ಲ ಭಾರ ಅಲ್ಲೇ ಬೀಳುತ್ತದೆ, ಆಮೇಲೆ ಬಿಡಿಸಲೂ ಬರುವುದಿಲ್ಲ. ತೊಳೆದು, ಸಣ್ಣ ಡಬ್ಬಿಯಲ್ಲಿ ಹಾಕಿಕೊಂಡು ಒಂದೆರಡು ದಿನದೊಳಗೆ ವೈದ್ಯರ ಹತ್ತಿರ ಹೋಗಿ. ಒಳಗಿನ ಹಲ್ಲು ಕೆಟ್ಟಿಲ್ಲದಿದ್ದರೆ, ಅವು ಅಷ್ಟರಲ್ಲಿ ಸರಿದಿಲ್ಲದಿದ್ದರೆ, ಅದೇ ಬ್ರಿಡ್ಜನ್ನು ಹೊಸ ಸಿಮೆಂಟ್ ಹಾಕಿ ಮತ್ತೆ ಕೂರಿಸಲು ಅನೇಕ ಸಲ ಆಗುತ್ತದೆ.